ನಂದಿ ತಪ್ಪಲಿನ ಲಾ ರಿಸರ್ವ್, ನಾಸಿಕ್‌ನ ದಿಂಡೋರಿ: ಎರಡು ರಾತ್ರಿ ಪಕ್ಕಪಕ್ಕ ಇಟ್ಟು ಕುಡಿದು ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ಈ ಎರಡು ವೈನಿನಲ್ಲಿ ಕೊನೆಗೆ ನನಗೆ ಹಿಡಿಸಿದ್ದು ಲಾ ರಿಸರ್ವ್. ಆದರೆ ಬಾಟಲಿ ತೆರೆದ ಮೊದಲ ಅರ್ಧ ಗಂಟೆಯಲ್ಲಿ ಯಾರಾದರೂ ಕೇಳಿದ್ದರೆ ಯೋಚನೆ ಮಾಡದೆ ದಿಂಡೋರಿ ಅನ್ನುತ್ತಿದ್ದೆ.

ಎರಡೂ ಕೆಂಪು ವೈನ್. ಗ್ರೋವರ್ ಕಂಪನಿಯ ಲಾ ರಿಸರ್ವ್‌ನಲ್ಲಿ ಕ್ಯಾಬರ್ನೆ ಸೊವಿನ್ಯೋನ್ ಅನ್ನುವ ದ್ರಾಕ್ಷಿಯ ಜೊತೆ ಶಿರಾಜ್ ಬೆರೆತಿದೆ. ಸುಲಾ ಕಂಪನಿಯ ದಿಂಡೋರಿ ರಿಸರ್ವ್ ಶಿರಾಜ್ ದ್ರಾಕ್ಷಿಯದು. ಎರಡೂ ಓಕ್ ಮರದ ಪೀಪಾಯಿಯಲ್ಲಿ ಕೆಲವು ಕಾಲ ಇದ್ದು ಬಂದವು. ಎರಡನ್ನೂ ಬಾಟಲಿಗೆ ಪೇಪರ್ ಸುತ್ತಿ, ಒಂದೇ ಥರದ ಲೋಟದಲ್ಲಿ, ನಾನು, ಅಕ್ಕ, ಭಾವ ಮೂವರೂ ಕುಡಿದು ನೋಡಿದೆವು.

ರುಚಿಗೆ ಹೋಗುವ ಮೊದಲು ತೋಟದ ಕಥೆ ಸ್ವಲ್ಪ ಹೇಳಬೇಕು, ಯಾಕೆಂದರೆ ರುಚಿಯ ವ್ಯತ್ಯಾಸ ಅಲ್ಲಿಂದಲೇ ಶುರು ಅಂತ ನನಗೆ ಅನ್ನಿಸುತ್ತದೆ. ಕನ್ವಲ್ ಗ್ರೋವರ್ ವ್ಯಾಪಾರದ ಮೇಲೆ ಫ್ರಾನ್ಸಿಗೆ ಹೋಗಿ ಬರುತ್ತಿದ್ದವರು. ಅಲ್ಲಿ ವೈನಿನ ರುಚಿ ಹತ್ತಿತು. ನಮ್ಮ ದೇಶದಲ್ಲೇ ಇಂಥದ್ದು ಮಾಡಬೇಕು ಅಂತ ಹಟ ಹಿಡಿದು, ಅಲ್ಲಿನ ಶಾಂಪೇನ್ ಪ್ರಾಂತ್ಯದ ವೈನ್ ತಜ್ಞ ಜಾರ್ಜ್ ವೆಸೆಲ್ ಅವರ ಸಲಹೆ ತೆಗೆದುಕೊಂಡು, ಬೇರೆ ಬೇರೆ ಕಡೆ ಮಣ್ಣು, ಹವೆ ನೋಡಿ, ಫ್ರಾನ್ಸಿನ ತಳಿಗಳನ್ನು ಒಂದೊಂದಾಗಿ ಬೆಳೆಸಿ ನೋಡಿ, ಕೊನೆಗೆ ದೊಡ್ಡಬಳ್ಳಾಪುರದ ಹತ್ತಿರ ನಂದಿ ಬೆಟ್ಟದ ತಪ್ಪಲಿಗೆ ಬಂದು ನಿಂತರು. 1988ರಲ್ಲಿ ತೋಟ. ಮೊದಲ ವೈನ್ ಹೊರಬಂದಿದ್ದು 1992ರಲ್ಲಿ. ಸುತ್ತಮುತ್ತ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುವ ರೈತರು, ನಡುವೆ ಹೆಸರೇ ಕೇಳಿರದ ಕ್ಯಾಬರ್ನೆ. ಎಷ್ಟು ಧೈರ್ಯ ಬೇಕಿತ್ತು ಅಲ್ವಾ? ಆಮೇಲೆ ಮಗ ಕಪಿಲ್ ಗ್ರೋವರ್ ನಡೆಸಿದರು, ಫ್ರಾನ್ಸಿನ ಬೋರ್ಡೋದ ವೈನ್ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾಗಿ ಬಂದರು. 2012ರಲ್ಲಿ ನಾಸಿಕ್ ಕಡೆಯ ಝಂಪಾ ವೈನಿನವರ ಜೊತೆ ಸೇರಿಕೊಂಡು ಗ್ರೋವರ್ ಝಂಪಾ ಆಯಿತು.

ಸುಲಾ ಕಥೆ ಇದಕ್ಕೆ ಉಲ್ಟಾ. ರಾಜೀವ್ ಸಾಮಂತ್ ಅಮೆರಿಕದ ಕೆಲಸ ಬಿಟ್ಟು ಬಂದಾಗ ನಾಸಿಕ್‌ನಲ್ಲಿ ಮನೆಯವರ ಜಮೀನು ಮೊದಲೇ ಇತ್ತು. ಅಲ್ಲಿ ಏನು ಬೆಳೆದರೆ ಚೆನ್ನ ಅಂತ ಹುಡುಕುತ್ತಾ ವೈನ್ ದ್ರಾಕ್ಷಿಗೆ ಬಂದವರು. 1997ರಲ್ಲಿ ಬಳ್ಳಿ ನೆಟ್ಟು, 2000ದಲ್ಲಿ ಮೊದಲ ವೈನ್ ತಂದರು. ತೋಟಕ್ಕೆ ಇಟ್ಟಿದ್ದು ತಾಯಿ ಸುಲಭಾ ಅವರ ಹೆಸರು. ಅಂದರೆ ಗ್ರೋವರ್ ಅವರು ದ್ರಾಕ್ಷಿಗೆ ಜಾಗ ಹುಡುಕಿದರು, ಸಾಮಂತ್ ಜಾಗಕ್ಕೆ ಬೆಳೆ ಹುಡುಕಿದರು.

ಇಬ್ಬರಿಗೂ ಇದ್ದ ಕಷ್ಟ ಒಂದೇ. ಫ್ರಾನ್ಸಿನಲ್ಲಿ ಚಳಿಗೆ ಬಳ್ಳಿ ಮಲಗುತ್ತದೆ. ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ, ಸುಮ್ನೆ ಬಿಟ್ಟರೆ ಬೆಳೆಯುತ್ತಲೇ ಹೋಗುತ್ತದೆ, ಮಳೆಗಾಲದಲ್ಲಿ ಕಾಯಿ ಬಿಟ್ಟು ಕೊಳೆಯುತ್ತದೆ. ಅದಕ್ಕೇ ವರ್ಷಕ್ಕೆ ಎರಡು ಸಲ ಸವರುತ್ತಾರೆ: ಕೊಯ್ಲಾದ ಮೇಲೆ ಬೇಸಿಗೆಯಲ್ಲಿ ಒಮ್ಮೆ, ಮಳೆ ಹಿಂದಾಗುವಾಗ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಇನ್ನೊಮ್ಮೆ. ಎರಡನೇ ಸಲ ಸವರಿದ ಮೇಲೆ ಬಿಡುವ ಗೊಂಚಲನ್ನೇ ವೈನಿಗೆ ಉಳಿಸಿಕೊಳ್ಳುವುದು. ಅದು ಒಣ ಹವೆಯಲ್ಲಿ, ರಾತ್ರಿ ತಂಪಿನಲ್ಲಿ ಮಾಗಿ ಫೆಬ್ರವರಿ, ಮಾರ್ಚ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ನಂದಿ ತಪ್ಪಲು ನಾಸಿಕ್‌ಗಿಂತ ಎತ್ತರ. ಆ ರಾತ್ರಿಯ ತಂಪೇ ಲಾ ರಿಸರ್ವ್‌ನ ಹುಳಿಯನ್ನು ಉಳಿಸುತ್ತದೆ ಅಂತ ನನ್ನ ನಂಬಿಕೆ.

ಇನ್ನು ಲೋಟಕ್ಕೆ ಬರೋಣ. ದಿಂಡೋರಿ ಸುರಿದ ಕೂಡಲೇ ಮಾತಾಡುತ್ತದೆ. ನೇರಳೆ ಹಣ್ಣಿನ ಬಣ್ಣ. ಮೂಗಿನ ಹತ್ತಿರ ತಂದರೆ ಮಾಗಿದ ಹಣ್ಣು, ಹಿಂದೆಯೇ ಆಗ ತಾನೇ ಕುಟ್ಟಿದ ಕಾಳುಮೆಣಸು, ಓಕ್‌ನಿಂದ ಬಂದ ಸ್ವಲ್ಪ ಹೊಗೆ. ಬಾಯಲ್ಲಿ ಮೆತ್ತಗೆ, ತುಂಬಿಕೊಂಡು ಬರುತ್ತದೆ. ಅಕ್ಕ ಕೆಂಪು ವೈನ್ ಜಾಸ್ತಿ ಕುಡಿಯುವವಳಲ್ಲ, ಅವಳೂ ಎರಡನೇ ಸಲ ಹಾಕಿಸಿಕೊಂಡಳು.

ಲಾ ರಿಸರ್ವ್ ಮೊದಲ ಗುಟುಕಿಗೆ ಮುಖ ತಿರುಗಿಸಿಕೊಂಡಿತ್ತು. ಬರೀ ಒಗರು. "ಎಳೆ ಬಾಳೆಕಾಯಿ ಕಚ್ಚಿದ ಹಾಗಿದೆ ಕಣಯ್ಯ" ಅಂದರು ಭಾವ, ಅದು ಸರಿಯಾದ ಮಾತೇ. ಲೋಟವನ್ನು ಹಾಗೇ ಮೇಜಿನ ಮೇಲೆ ಬಿಟ್ಟೆವು. ಮುಕ್ಕಾಲು ಗಂಟೆ ಬಿಟ್ಟು ಮತ್ತೆ ಎತ್ತಿಕೊಂಡಾಗ ಅದೇ ವೈನಾ ಅನ್ನುವ ಹಾಗೆ ಬದಲಾಗಿತ್ತು. ಒಗರು ಹಿಂದೆ ಸರಿದು, ಕಪ್ಪು ಹಣ್ಣು, ಸೀಡರ್ ಪೆನ್ಸಿಲ್ ಚೂಪು ಮಾಡಿದಾಗ ಬರುವ ಮರದ ವಾಸನೆ, ಕೊನೆಗೆ ನಾಲಿಗೆಯ ಪಕ್ಕದಲ್ಲಿ ನೀರೂರಿಸುವ ಹುಳಿ.

ನಿಜವಾದ ಪರೀಕ್ಷೆ ಊಟದಲ್ಲಿ. ನಾಟಿ ಕೋಳಿ ಸಾರು, ಮುದ್ದೆ, ಆಮೇಲೆ ಮಟನ್ ಚಾಪ್ಸ್. ಸಾರಿನ ಕಾರಕ್ಕೆ ದಿಂಡೋರಿ ಇನ್ನಷ್ಟು ಕಾರ ಸೇರಿಸಿತು, ಎರಡು ಗುಟುಕಿಗೆ ಬಾಯಿ ಸುಡಲು ಶುರುವಾಯಿತು. ಲಾ ರಿಸರ್ವ್ ಕೂಡ ಸಾರಿನ ಜೊತೆ ಪರವಾಗಿಲ್ಲ ಅನ್ನುವಷ್ಟೇ. ಆದರೆ ಚಾಪ್ಸ್ ಬಂದ ಮೇಲೆ ಆಟ ಬದಲಾಯಿತು. ಮಾಂಸದ ಕೊಬ್ಬನ್ನು ಆ ಒಗರು ತೊಳೆದುಬಿಡುತ್ತದೆ, ಪ್ರತಿ ತುತ್ತಿಗೂ ಬಾಯಿ ಹೊಸದಾಗುತ್ತದೆ. ಮೊದಲು ತಪ್ಪು ಅನ್ನಿಸಿದ್ದೇ ಇಲ್ಲಿ ಗುಣವಾಯಿತು. ಪೇಪರ್ ಬಿಚ್ಚುವ ಮೊದಲೇ ಭಾವನ ಓಟು ಇದಕ್ಕೆ ಬಿತ್ತು.

ಎರಡನ್ನೂ ಅರ್ಧ ಉಳಿಸಿ, ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮರುದಿನ ರಾತ್ರಿ ತೆಗೆದೆವು. ದಿಂಡೋರಿಯ ಹಣ್ಣು ಇಳಿದುಹೋಗಿತ್ತು, ಮೆಣಸು ಮಾತ್ರ ಉಳಿದಿತ್ತು. ಲಾ ರಿಸರ್ವ್ ಹಿಂದಿನ ರಾತ್ರಿಗಿಂತ ಚೆನ್ನಾಗಿತ್ತು. ಒಗರೆಲ್ಲ ಹದಕ್ಕೆ ಬಂದು ಕೂತಿತ್ತು.

ಬಿಳಿ ವೈನಿಗೆ ಬಂದರೆ ನನ್ನ ತೀರ್ಪು ಬೇರೆ. ಎರಡೂ ಕಡೆಯ ಸೊವಿನ್ಯೋನ್ ಬ್ಲಾಂ ಅನ್ನುವ ಬಿಳಿ ವೈನ್ ಇಟ್ಟು ನೋಡಿದೆ, ಜೊತೆಗೆ ಬಂಗುಡೆ ಫ್ರೈ. ಸುಲಾದ್ದೇ ಮುಂದೆ. ಹಸಿ ಹುಲ್ಲು, ಹಸಿಮೆಣಸಿನ ಸಿಪ್ಪೆಯ ಥರದ ಚುರುಕು ವಾಸನೆ, ನಿಂಬೆ ಹಿಂಡುವುದೇ ಬೇಡ ಅನ್ನುವ ಹುಳಿ. ಇದರಲ್ಲಿ ಜಾಸ್ತಿ ಚರ್ಚೆ ಇಲ್ಲ.

ಒಂದು ಬೇಜಾರಿನ ವಿಷಯ. ನಾನು ಮೊದಲು ತಂದ ಲಾ ರಿಸರ್ವ್ ಬಾಟಲಿಯನ್ನು ಚೆಲ್ಲಬೇಕಾಯಿತು. ಅಂಗಡಿಯವರು ಅದನ್ನು ಬಿಸಿಲು ಬೀಳುವ ಗಾಜಿನ ಪಕ್ಕ ನಿಲ್ಲಿಸಿದ್ದರು, ಎಷ್ಟು ತಿಂಗಳಿಂದಲೋ. ಸುರಿದಾಗ ಬಣ್ಣ ಇಟ್ಟಿಗೆಯ ಹಾಗೆ, ವಾಸನೆ ಕಾಯಿಸಿದ ಜಾಮ್ ಹಾಗೆ. ತೋಟದಲ್ಲಿ ವರ್ಷವಿಡೀ ದುಡಿದವರ ಕೆಲಸ ಒಂದು ಕಿಟಕಿಯ ಹತ್ತಿರ ಹಾಳಾಗಿದ್ದು ನೋಡಿ ಹೊಟ್ಟೆ ಉರಿಯಿತು. ಈಗ ಬೇರೆ ಅಂಗಡಿಗೆ ಹೋಗುತ್ತೇನೆ, ಒಳಗಿನ ಪೆಟ್ಟಿಗೆಯಿಂದಲೇ ತೆಗೆದುಕೊಡಿ ಅಂತ ಕೇಳುತ್ತೇನೆ.

ಮನೆಗೆ ನೆಂಟರು ಬಂದು, ಮಾತಾಡುತ್ತಾ ಒಂದೊಂದು ಲೋಟ ಕುಡಿಯುವುದಾದರೆ ದಿಂಡೋರಿ ತನ್ನಿ. ಚಾಪ್ಸ್ ಮಾಡುವ ಭಾನುವಾರಕ್ಕೆ ಲಾ ರಿಸರ್ವ್. ಬೇಸಿಗೆಯಲ್ಲಿ ಎರಡನ್ನೂ ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ, ಲಾ ರಿಸರ್ವ್ ಆದರೆ ಒಲೆ ಮೇಲೆ ಮಟನ್ ಇಡುವಾಗಲೇ ತೆರೆದು ಲೋಟಕ್ಕೆ ಸುರಿದುಬಿಡಿ.