ಹಿಂದಿನ ಮುಚ್ಚಳ ಕಳೆದ ಎಲ್‌ಇಡಿ ಟಾರ್ಚ್: ದೀರ್ಘ ಬಳಕೆಯ ವಿಮರ್ಶೆ

ಅಂಕ: 5ಕ್ಕೆ 3.5

ಹಿಂದಿನ ಮುಚ್ಚಳವೂ ಅದರೊಳಗಿನ ಸ್ವಿಚ್ಚೂ ಇಲ್ಲದ 18650 ಸೆಲ್‌ನ (ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಲಿಥಿಯಂ ಸೆಲ್) ಟಾರ್ಚ್ ಸಿಕ್ಕರೆ ಎಸೆಯಬೇಡಿ. ಎಲ್‌ಇಡಿ, ಡ್ರೈವರ್ (ಎಲ್‌ಇಡಿಯ ಕರೆಂಟನ್ನು ಹತೋಟಿಯಲ್ಲಿಡುವ ಪುಟ್ಟ ಬೋರ್ಡ್), ರಿಫ್ಲೆಕ್ಟರ್, ಗಾಜು ಎಲ್ಲವೂ ತಲೆಯಲ್ಲೇ ಇರುತ್ತವೆ. ತಲೆ ಸರಿಯಿದೆಯೇ ಎಂದು ನೋಡಲು ಒಂದು ತುಂಡು ತಂತಿ ಸಾಕು: ಪ್ಲಸ್ ತುದಿ ಒಳಮುಖವಾಗಿರುವಂತೆ ಸೆಲ್ ಹಾಕಿ, ಮೈನಸ್ ತುದಿಯಿಂದ ಕೊಳವೆಯ ಅಂಚಿಗೆ ತಂತಿ ಮುಟ್ಟಿಸಿ. ಅಂಚನ್ನು ಮೊದಲು ಬರಿ ಲೋಹ ಕಾಣುವಷ್ಟು ಉಜ್ಜಿ. ಅನೋಡೈಜ್ ಆದ ಕಪ್ಪು ಪದರ (ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಲೇಪ) ವಿದ್ಯುತ್ತನ್ನು ಬಿಡುವುದಿಲ್ಲ. ಚೆನ್ನಾಗಿರುವ ಎಷ್ಟೋ ತಲೆಗಳು ಇಷ್ಟಕ್ಕೇ ಕಸದ ಬುಟ್ಟಿ ಸೇರುತ್ತವೆ.

ತಂತಿಯ ಜಾಗದಲ್ಲಿ ಮಲ್ಟಿಮೀಟರ್‌ನ 10 ಆಂಪಿಯರ್ ಸಾಕೆಟ್ ಬಳಸಿದರೆ ಕರೆಂಟೂ ತಿಳಿಯುತ್ತದೆ. ಡ್ರೈವರ್ ಮೇಲೆ ತಲಾ 350 ಮಿಲಿಆಂಪಿಯರ್ ಬಿಡುವ, 7135 ಎಂಬ ಕರೆಂಟ್ ನಿಯಂತ್ರಿಸುವ ಚಿಪ್ 8 ಇದ್ದರೆ, ತುಂಬಿದ ಸೆಲ್ಲಿನಲ್ಲಿ ಸುಮಾರು 2.8 ಆಂಪಿಯರ್ ಬರಬೇಕು.

ಬೇರೆ ಟಾರ್ಚಿನ ಮುಚ್ಚಳ ಕೂರುವುದು ಅಪರೂಪ. ವ್ಯಾಸ ಒಂದೇ ಇದ್ದರೂ ಥ್ರೆಡ್ಡಿನ (ತಿರುಪಿನ ಗೆರೆಗಳ) ಅಂತರ ಬೇರೆ ಇರುತ್ತದೆ. ಮೊದಲ ಸುತ್ತಿಗೇ ಬಿಗಿಯಾದರೆ ಅಲ್ಲೇ ನಿಲ್ಲಿಸಿ, ಬಲ ಹಾಕಿದರೆ ಅಲ್ಯೂಮಿನಿಯಂ ಥ್ರೆಡ್ ಸವೆದು ಎರಡೂ ಹಾಳು. ಸರಿಹೊಂದಿದ ಮುಚ್ಚಳದೊಳಗೆ ಸ್ವಿಚ್ಚನ್ನು ಹಿಡಿದಿಡುವ ಬಳೆಗೆ ಎರಡು ಕಚ್ಚುಗಳಿರುತ್ತವೆ. ಗಟ್ಟಿ ಚಿಮಟದ ತುದಿಗಳನ್ನು ಅವುಗಳಲ್ಲಿ ಊರಿ ಬಿಗಿ ಮಾಡಿಕೊಳ್ಳಿ.

ಇಲ್ಲಿಯವರೆಗೆ ಸಂತೋಷವೇ. ಬೆಳಕು ಮಿಣುಕತೊಡಗುವುದು ತಿಂಗಳುಗಳು ಕಳೆದ ಮೇಲೆ, ಒಂದೂವರೆ ಅಂಕ ಹೋಗಿದ್ದೂ ಅದಕ್ಕೇ. ಎಲ್ಲರ ಅನುಮಾನವೂ ಹೊಸದಾಗಿ ಹಾಕಿದ ಸ್ವಿಚ್ಚಿನ ಮೇಲೆ. ಮುಚ್ಚಳ ತೆಗೆದು ಮತ್ತೆ ತಂತಿ ಮುಟ್ಟಿಸಿ, ತಲೆಯನ್ನು ಬೆರಳಿನಿಂದ ತಟ್ಟಿ. ಆಗಲೂ ಮಿಣುಕಿದರೆ ದೋಷ ತಲೆಯೊಳಗಿದೆ. ಅಗ್ಗದ ಟಾರ್ಚುಗಳಲ್ಲಿ ಡ್ರೈವರ್ ಬೋರ್ಡನ್ನು ತಲೆಯೊಳಗಿನ ಹಿತ್ತಾಳೆಯ ಬಟ್ಟಲಿಗೆ ಬರಿದೇ ಒತ್ತಿ ಕೂರಿಸಿರುತ್ತಾರೆ. ಬೋರ್ಡಿನ ಅಂಚಿನ ಉಂಗುರವೇ ಮೈನಸ್ ದಾರಿ. ಕಾದು ಆರಿ, ಕಾದು ಆರಿ ಆ ಹಿಡಿತ ಸಡಿಲವಾಗುತ್ತದೆ. ತಯಾರಿಸುವಾಗಲೇ ಎರಡು ಚುಕ್ಕೆ ಬೆಸುಗೆ ಹಾಕಿದ್ದರೆ ಈ ಕಾಟವೇ ಇರುತ್ತಿರಲಿಲ್ಲ, ಇದು ಕ್ಷಮಿಸುವಂಥ ಉಳಿತಾಯವಲ್ಲ.

ಸೆಲ್ ತೆಗೆದು, ಬಟ್ಟಲನ್ನು ತಿರುಗಿಸಿ ಹೊರತೆಗೆಯಿರಿ. ಅಂಚಿನಲ್ಲಿ ಮೂರು ಕಡೆ ಹಿತ್ತಾಳೆಯನ್ನು ಕೆರೆದು, ಬೆಸುಗೆ ಹಿಡಿಯಲು ನೆರವಾಗುವ ಫ್ಲಕ್ಸ್ ಹಚ್ಚಿ, ಅಲ್ಲಿ ಉಂಗುರವನ್ನು ಬಟ್ಟಲಿಗೆ ಬೆಸೆಯಿರಿ. ಹಿತ್ತಾಳೆ ಶಾಖವನ್ನು ಬೇಗ ಎಳೆದುಕೊಳ್ಳುವುದರಿಂದ 25 ವ್ಯಾಟ್‌ನ ಬೆಸುಗೆ ಐರನ್ ಸಾಲದು, 60 ವ್ಯಾಟ್‌ನದು, ದಪ್ಪ ತುದಿಯದು ಬೇಕು. ಬೆಸುಗೆ ಗೋಲಿಯಾಗಿ ನಿಂತರೆ ಹಿಡಿದಿಲ್ಲ ಎಂದರ್ಥ, ಅದು ಹರಡಿ ಎರಡೂ ಕಡೆ ಅಂಟಬೇಕು. ಬಟ್ಟಲು ಅಲ್ಯೂಮಿನಿಯಂನದಾದರೆ ಮಾಮೂಲಿ ಬೆಸುಗೆ ಕೂರುವುದಿಲ್ಲ. ಉಂಗುರಕ್ಕೆ ತೆಳು ತಾಮ್ರದ ಎಳೆ ಬೆಸೆದು, ಅದರ ಇನ್ನೊಂದು ತುದಿಯನ್ನು ಬಟ್ಟಲಿಗೂ ಬೋರ್ಡಿಗೂ ನಡುವೆ ಸಿಕ್ಕಿಸಿ ಒತ್ತಿ.

ಅದಾದ ಮೇಲೆ ಈ ಟಾರ್ಚಿನ ಮೇಲೆ ಪ್ರೀತಿ ಮರಳುತ್ತದೆ. ಆಗಾಗ ಮುಚ್ಚಳ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಥ್ರೆಡ್ಡಿನ ಕಪ್ಪು ಮಸಿ ಒರೆಸಿ, ಅಕ್ಕಿಕಾಳಿನಷ್ಟು ಸಿಲಿಕೋನ್ ಗ್ರೀಸನ್ನು ಬೆರಳಿನಿಂದ ಸವರುವುದು ಮನಸ್ಸಿಗೆ ಹಿತವಾದ ಕೆಲಸ. ಮುಚ್ಚಳ ಮತ್ತೆ ನುಣ್ಣಗೆ ತಿರುಗುತ್ತದೆ, ಓ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ) ಹರಿಯುವುದಿಲ್ಲ. ಕೊಳವೆಯ ಬರಿ ಲೋಹದ ಅಂಚಿಗೆ ಮಾತ್ರ ಗ್ರೀಸ್ ತಾಗಬಾರದು. ಥ್ರೆಡ್ಡೂ ಅನೋಡೈಜ್ ಆಗಿದ್ದರೆ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ ಚೀಲದಲ್ಲಿಡಬಹುದು, ಅಂಚಿನ ಸಂಪರ್ಕ ತಪ್ಪುವುದರಿಂದ ಗುಂಡಿ ಒತ್ತಿದರೂ ಹೊತ್ತಿಕೊಳ್ಳದು.

ಸೆಲ್ ತೀರಾ ಬರಿದಾಗುವ ಮೊದಲೇ ಬೆಳಕು ಆರಿಸುವ ಕಡಿಮೆ ವೋಲ್ಟೇಜಿನ ತಡೆ ಡ್ರೈವರ್‌ಗೆ ಇಲ್ಲದಿದ್ದರೆ ಸೆಲ್ 3.5 ವೋಲ್ಟ್‌ಗೆ ಇಳಿದಾಗಲೇ ಚಾರ್ಜಿಗೆ ಹಾಕಿ.

ಮೂರು ಎಎಎ ಸೆಲ್‌ನ ಟಾರ್ಚಿನಲ್ಲಿ ಸೆಲ್ ಹಿಡಿಕೆ ಕಳೆದಿದ್ದರೆ ಅದರ ಜಾಗಕ್ಕೆ 18650 ತುರುಕುವ ಆಸೆ ಬರುತ್ತದೆ. ಅಂಥವುಗಳಲ್ಲಿ ಅನೇಕಕ್ಕೆ ಡ್ರೈವರೇ ಇರುವುದಿಲ್ಲ, ಸಣ್ಣ ಸೆಲ್‌ಗಳ ಒಳತಡೆಯೇ (ಒಳಗಿನ ವಿದ್ಯುತ್ ಪ್ರತಿರೋಧ) ಕರೆಂಟನ್ನು ಹತೋಟಿಯಲ್ಲಿಟ್ಟಿರುತ್ತದೆ. ಲಿಥಿಯಂ ಸೆಲ್ ಹಾಕಿದರೆ ಬೆಳಕು ನೀಲಿಗೆ ತಿರುಗಿ ಎಲ್‌ಇಡಿ ಸುಟ್ಟುಹೋಗಬಹುದು. ಅಂಥ ಟಾರ್ಚಿನಿಂದ ಗಾಜು, ರಿಫ್ಲೆಕ್ಟರ್, ಓ-ರಿಂಗ್, ಸ್ವಿಚ್ ಬಿಚ್ಚಿಟ್ಟುಕೊಂಡರೆ ಸಾಕು.