ಮಕ್ಕಳ ಮೌಲ್ಯಮಾಪನ ಕೇಂದ್ರ: ತಜ್ಞರು ಸೈ, ಪ್ರಶ್ನಾವಳಿ ಮಾತ್ರ ಹುಡುಗರದ್ದು

10 ವರ್ಷದ ಮಗಳಿಗೆ ಆಟಿಸಂ (ಬೆರೆಯುವ, ಸಂವಹಿಸುವ ರೀತಿಯಲ್ಲಿನ ಭಿನ್ನತೆ, ಒಂದನ್ನೇ ಮತ್ತೆ ಮತ್ತೆ ಮಾಡುವ ಒಲವು) ಮತ್ತು ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಟುವಟಿಕೆ) ಮೌಲ್ಯಮಾಪನ ಮಾಡಿಸಲು ಬೆಂಗಳೂರಿನ ಖಾಸಗಿ ಕೇಂದ್ರವೊಂದಕ್ಕೆ ಮೂರು ಬಾರಿ ಹೋಗಿಬಂದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಅಲ್ಲಿ ಕೈಗಿತ್ತ ಕರಪತ್ರದ ಮುಖಪುಟದಲ್ಲಿ ನೀಲಿ ಅಂಗಿಯ ಹುಡುಗನೊಬ್ಬ ಆಟಿಕೆ ಕಾರುಗಳನ್ನು ಸಾಲಾಗಿ ಜೋಡಿಸುತ್ತಿದ್ದಾನೆ; ಒಳಪುಟದಲ್ಲಿ ಇನ್ನೊಬ್ಬ ಹುಡುಗ ಬೆಂಚು ಹತ್ತಿ ನಿಂತಿದ್ದಾನೆ. ಪ್ರಶ್ನಾವಳಿಯ ಕನ್ನಡ ರೂಪವಂತೂ ‘ಒಂದು ಕಡೆ ಕೂರುತ್ತಾನೆಯೇ’, ‘ಆಟಿಕೆಯ ಚಕ್ರವನ್ನೇ ತಿರುಗಿಸುತ್ತಿರುತ್ತಾನೆಯೇ’ ಎಂದು ಕೊನೆಯವರೆಗೂ ಗಂಡುಮಗುವನ್ನೇ ವಿಚಾರಿಸುತ್ತದೆ. ‘ಮಗು’ ಎಂಬ ನಪುಂಸಕಲಿಂಗದ ಪದ ಕೈಯಲ್ಲೇ ಇರುವಾಗ ‘ಕೂರುತ್ತದೆಯೇ’ ಎಂದು ಬರೆಯಲು ಅಡ್ಡಿ ಏನಿತ್ತೋ ತಿಳಿಯದು.

ಮೊದಲ ಭೇಟಿಯಲ್ಲಿ ಉತ್ತರ ಬರೆದುಕೊಂಡವರು ಕಿರಿಯ ಸಿಬ್ಬಂದಿ. ಮಗಳು ಶಾಲೆಯಿಂದ ಬಂದೊಡನೆ 15 ಚುಕ್ಕಿಯ ಒಂದೇ ರಂಗೋಲಿಯನ್ನು ಪುಟದ ಮೇಲೆ ಪುಟ ಬಿಡಿಸುತ್ತಾಳೆ, ಒಂದು ಚುಕ್ಕಿ ತಪ್ಪಿದರೂ ಹಾಳೆ ಹರಿದು ಮೊದಲಿನಿಂದ ಶುರುಮಾಡುತ್ತಾಳೆ, ನಡುವೆ ಊಟಕ್ಕೆ ಕರೆದರೆ ಅಳುತ್ತಾಳೆ ಎಂದು ನಾನು ಹೇಳಿದಾಗ, “ಹೆಣ್ಮಕ್ಕಳಿಗೆ ರಂಗೋಲಿ ಅಂದ್ರೆ ಇಷ್ಟ ಅಲ್ವಾ ಮೇಡಂ” ಎಂದು ನಕ್ಕು ಆ ಸಾಲನ್ನು ಖಾಲಿ ಬಿಟ್ಟರು. ಕಾರು ಜೋಡಿಸಿದರೆ ಲಕ್ಷಣ, ಚುಕ್ಕಿ ಜೋಡಿಸಿದರೆ ಜಾಣತನ!

ಈ ಅಚ್ಚು ಹಳೆಯದು. ಆಟಿಸಂ ಕುರಿತ ಆರಂಭದ ಪ್ರಬಂಧದಲ್ಲಿ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ವರ್ಣಿಸಿದ 11 ಮಕ್ಕಳಲ್ಲಿ 8 ಮಂದಿ ಹುಡುಗರು. ಮರುವರ್ಷ ಆಸ್ಟ್ರಿಯಾದ ಮಕ್ಕಳ ವೈದ್ಯ ಹ್ಯಾನ್ಸ್ ಆಸ್ಪರ್ಗರ್ ವಿವರಿಸಿದ ನಾಲ್ವರೂ ಹುಡುಗರೇ. ಎಡಿಎಚ್‌ಡಿಯಲ್ಲಿಯೂ ಗದ್ದಲ ಮಾಡುವ ಮಗು ಬೇಗ ಶಿಕ್ಷಕರ ಕಣ್ಣಿಗೆ ಬೀಳುತ್ತದೆ. ಕಿಟಕಿಯಾಚೆ ನೋಡುತ್ತ ಕುಳಿತ ಹುಡುಗಿಗೆ ‘ಸ್ವಲ್ಪ ಮೈಮರೆವು’ ಎಂಬ ಷರಾ ಸಿಕ್ಕಿ ವರ್ಷಗಳು ಕಳೆಯುತ್ತವೆ.

ಎರಡನೆಯ ಭೇಟಿಯಲ್ಲಿ ಸಿಕ್ಕ ಹಿರಿಯ ಮನಶ್ಶಾಸ್ತ್ರಜ್ಞೆಯ ಬಗ್ಗೆ ದೂರಲು ಏನೂ ಇಲ್ಲ. ಅವರು ಶಾಲೆಯ ನೋಟ್‌ಬುಕ್ಕುಗಳನ್ನು ತರಿಸಿಕೊಂಡು ಅರ್ಧಕ್ಕೆ ನಿಂತ ವಾಕ್ಯಗಳನ್ನು ಒಂದೊಂದಾಗಿ ನೋಡಿದರು. ಗೆಳತಿಯರು ನಗುವುದನ್ನು ಕಂಡು ಅದರಂತೆಯೇ ನಗಲು ಮಗಳು ಮನೆಯಲ್ಲಿ ಅಭ್ಯಾಸ ಮಾಡುತ್ತಾಳೆಯೇ ಎಂದು ಕೇಳಿದರು. ಕನ್ನಡಿಯ ಮುಂದೆ ಮಾಡುತ್ತಾಳೆ. ಅದನ್ನು ನಾವು ಆಟವೆಂದುಕೊಂಡಿದ್ದೆವು. ವರದಿಯಲ್ಲಿ ಆಟಿಸಂ, ಎಡಿಎಚ್‌ಡಿ ಎರಡೂ ಇವೆ. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ-5ರ ನಂತರ ಹೀಗೆ ಎರಡನ್ನೂ ಒಟ್ಟಿಗೆ ಗುರುತಿಸಲು ಅವಕಾಶವಿದೆ ಎಂಬುದನ್ನೂ ಅವರೇ ವಿವರಿಸಿದರು.

ಅವರಿಗಾಗಿ ನಾಲ್ಕು ನಕ್ಷತ್ರ ಕೊಡಬೇಕೆಂದಿದ್ದೆ; ಮೊದಲ ಭೇಟಿಗಾಗಿ ಒಂದನ್ನು ಕಳೆದಿದ್ದೇನೆ. ಹೆಣ್ಣುಮಗುವನ್ನು ಕರೆದೊಯ್ಯುವವರು ನೋಟ್‌ಬುಕ್ಕುಗಳನ್ನು ಜೊತೆಗೊಯ್ಯಿರಿ, ಹಿರಿಯ ತಜ್ಞರ ಸಮಯವನ್ನೇ ಕೇಳಿ. ಮೂರನೆಯ ಭೇಟಿಯ ಹೊತ್ತಿಗೆ ನಮ್ಮ ಕಡತದ ಪ್ರಶ್ನಾವಳಿಯಲ್ಲಿದ್ದ ‘ತಾನೆ’ಗಳನ್ನೆಲ್ಲ ಯಾರೋ ಪೆನ್ನಿನಿಂದ ‘ತಾಳೆ’ ಎಂದು ತಿದ್ದಿದ್ದರು. ಮೇಜಿನ ಮೇಲಿದ್ದ ಹೊಸ ಕಟ್ಟಿನಲ್ಲಿ ಹುಡುಗನೇ ಇದ್ದ.