ಪಾಸಿಟಿವ್ ಅರ್ತ್ ಮೈನರಿಗೆ ಹಾಕಿದ ಬ್ಯಾಟರಿ: ನಾಲ್ಕು ಮಳೆಗಾಲದ ನಂತರ

ಅಜ್ಜನ 1958ರ ಮಾರಿಸ್ ಮೈನರ್ ಕಾರು ಕಾಸರಗೋಡಿನ ಬದಿಯಡ್ಕದ ನಮ್ಮ ಮನೆಯ ಶೆಡ್ಡಿನಲ್ಲಿದೆ. ಯಾರದ್ದಾದರೂ ಮದುವೆ, ಮಧೂರಿನ ಗಣಪತಿ, ರಾತ್ರಿ ಯಕ್ಷಗಾನದ ಆಟ ಇದ್ದರೆ ಕುಂಬಳೆ – ಅದರ ಓಡಾಟ ಇಷ್ಟೇ. ನಾಲ್ಕು ವರ್ಷದ ಹಿಂದೆ ಇದಕ್ಕೆ 12 ವೋಲ್ಟ್, 45 ಎಎಚ್‌ನ, ನೀರು ಹಾಕುವ ಸಾದಾ ಬ್ಯಾಟರಿ ಕೂರಿಸಿದೆ. ಬ್ಯಾಟರಿಯ ಮೇಲೆ ದೂರಿಲ್ಲ. ದೂರು ಇರುವುದು ಅದನ್ನು ಕೂರಿಸಿದ ದಿನದ ಮೇಲೆ.

ಮೈನರಿನಲ್ಲಿ ಬಾಡಿಯ ತಗಡಿಗೆ ಸೇರುವ ತುದಿ, ಅಂದರೆ ಅರ್ತ್, ಪಾಸಿಟಿವ್; ಈಗಿನ ಕಾರುಗಳದ್ದು ನೆಗೆಟಿವ್. ಅಂಗಡಿಯ ಹುಡುಗ ಅಭ್ಯಾಸದಂತೆ ಮೊದಲು ನೆಗೆಟಿವ್ ಬಿಚ್ಚಹೋದ. ಸ್ಪ್ಯಾನರ್ ತಗಡಿಗೆ ತಾಗಿ ಫಟ್ ಎಂದು ಕಿಡಿ. ಯಾವ ಕಾರೇ ಆಗಲಿ, ಅರ್ತ್ ಮೊದಲು ಬಿಚ್ಚಬೇಕು, ಕೊನೆಗೆ ಕಟ್ಟಬೇಕು. ಇದರಲ್ಲಿ ಆ ಅರ್ತ್ ಪಾಸಿಟಿವ್. ಆಮೇಲೆ ಹೊಸದನ್ನು ಕಟ್ಟುವಾಗ ಅರ್ತ್ ಪಟ್ಟಿ ಕಂಡು ಅದನ್ನೇ ನೆಗೆಟಿವ್‌ಗೆ ಹಾಕಿದ. ಬ್ಯಾಟರಿಯ ಪಾಸಿಟಿವ್ ಕಂಬ ದಪ್ಪ, ನೆಗೆಟಿವ್ ಸಪುರ. ಒಂದು ಕ್ಲಾಂಪ್ ಸಡಿಲವಾಯಿತೆಂದು ತಗಡಿನ ಚೂರು ತುರುಕಿದ, ಇನ್ನೊಂದು ಇಳಿಯದ್ದಕ್ಕೆ ಸ್ಕ್ರೂಡ್ರೈವರ್ ಹಾಕಿ ಅಗಲಿಸಿದ. ಆಗಲೇ ನಾನು ಬಾಯಿ ಬಿಡಬೇಕಿತ್ತು.

ತಮಾಷೆಯೆಂದರೆ ಕಾರು ಸ್ಟಾರ್ಟ್ ಆಯಿತು! ಸ್ಟಾರ್ಟರ್ ಮೋಟರಿಗೆ ಉಲ್ಟಾ ಕಟ್ಟಿದರೂ ಒಂದೇ ದಿಕ್ಕು. ಆದರೆ ಚಾರ್ಜ್ ಆಗುತ್ತಿಲ್ಲವೆಂದು ತೋರಿಸುವ ಕೆಂಪು ದೀಪ ಆರಲಿಲ್ಲ, ಚಾರ್ಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಪೆಟ್ಟಿಗೆಯಿಂದ ಸುಟ್ಟ ವಾಸನೆ. ಮುಳ್ಳೇರಿಯದ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ಬಂದು ನೋಡಿ, “ಬ್ಯಾಟರಿ ಒಳ್ಳೇದೇ ಉಂಟು ಮಾರಾಯ್ರೆ, ಕಟ್ಟಿದ್ದು ಉಲ್ಟಾ” ಎಂದರು. ಕಟ್‌ಔಟಿನ (ಆ ಪೆಟ್ಟಿಗೆಯೊಳಗಿನ ಸ್ವಿಚ್ಚು) ಪಾಯಿಂಟ್ ಉಜ್ಜಿ, ಕ್ಲಾಂಪ್ ಎರಡೂ ಬದಲಿಸಿ ಸರಿಯಾಗಿ ಕಟ್ಟಿದರು. ಬ್ಯಾಟರಿಗೆ ಚಾರ್ಜ್ ಕೊಡುವ ಡೈನಮೋದ ‘ಎಫ್’ (ಫೀಲ್ಡ್) ವಯರು ಬಿಚ್ಚಿ, ಬ್ಯಾಟರಿಯ ನೆಗೆಟಿವ್‌ನಿಂದ ಒಂದು ವಯರು ತಂದು ಆ ತಿರುಪಿಗೆ ಕ್ಷಣಹೊತ್ತು ಗೀರಿದರು. ಡೈನಮೋದ ಕಬ್ಬಿಣದಲ್ಲಿ ಉಳಿದ ಕಾಂತದ ದಿಕ್ಕು ಸರಿಯಾಗಲು ಅಷ್ಟು ಸಾಕಂತೆ. ದೀಪ ಆರಿತು.

ಆಮೇಲಿನ ನಾಲ್ಕು ವರ್ಷ ಹೆಚ್ಚು ಹೇಳಲಿಕ್ಕಿಲ್ಲ. ಮಳೆಗಾಲದಲ್ಲಿ ಕಾರು ಹೊರಡುವುದೇ ಇಲ್ಲ; ಅರ್ತ್ ಬಿಚ್ಚಿಟ್ಟು ಮೂರು ವಾರಕ್ಕೊಮ್ಮೆ ಚಾರ್ಜ್ ಕೊಡುತ್ತೇನೆ. ಟರ್ಮಿನಲ್ಲಿನ ಬಿಳಿ ಪುಡಿಗೆ ಬಿಸಿನೀರು, ಅಡುಗೆಸೋಡ, ಒಣಗಿದ ಮೇಲೆ ವ್ಯಾಸಲೀನ್. ಡೈನಮೋ ಐಡ್ಲಿಂಗಿನಲ್ಲಿ ಚಾರ್ಜ್ ಮಾಡುವುದಿಲ್ಲ, ಹಾಗಾಗಿ ಹೈವೇಯ ಬ್ಲಾಕಿನಲ್ಲಿ ಹೆಡ್‌ಲೈಟ್, ವೈಪರ್ ಒಟ್ಟಿಗೆ ಓಡಿಸಿದರೆ ಬ್ಯಾಟರಿಯೇ ಎಲ್ಲ ಹೊರಬೇಕು. ಒಮ್ಮೆ ಕುಂಬಳೆಯಲ್ಲಿ ಹಾಗೇ ಮಲಗಿತು. ಭಾವನ ಆಲ್ಟೊದಿಂದ ಜಂಪ್ ಕೊಟ್ಟೆವು: ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ಆದರೆ ಎರಡು ಕಾರಿನ ತಗಡು ಒಂದಕ್ಕೊಂದು ತಾಗಿದರೆ ನೇರ ಶಾರ್ಟ್. ಭಾವ “ಇನ್ನೂ ಹತ್ತಿರ ತರ್ಲಾ?” ಎಂದು ಕೇಳಿದ್ದಕ್ಕೆ ನಾನು ಕಿರುಚಿದ್ದು ಅದಕ್ಕೇ. ಅರ್ತ್ ಮೈನಸ್ ಇರುವ ಕಾರಿಗೆಂದು ಮಾಡಿದ ಅವನ ಮೊಬೈಲ್ ಚಾರ್ಜರನ್ನೂ ಇದಕ್ಕೆ ಸಿಕ್ಕಿಸಲು ಬಿಡುವುದಿಲ್ಲ.

ಕಳೆದ ವಾರ ಬ್ಯಾಟರಿಯ ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿ ನೋಡಿದೆ. ಐದು ಸೆಲ್ 1.26, ಒಂದು ಮಾತ್ರ 1.22. ಈ ಮಳೆಗಾಲ ದಾಟೀತು. ಮುಂದಿನ ಸಲ ಹಳೇ ಕ್ಲಾಂಪ್‌ಗಳನ್ನು ಕಿಸೆಯಲ್ಲಿಟ್ಟುಕೊಂಡು ಅಂಗಡಿಗೆ ಹೋಗುತ್ತೇನೆ, ಕಟ್ಟುವುದು ಮಾತ್ರ ಮನೆಗೆ ತಂದು ನಾನೇ.